ಆ ಬಿಂದಿಗೆ ಯಾವ ಊರಿನದು?

ಕಡೂರಿನಿಂದ ತರೀಕೆರೆಗೆ ರೈಲಿನಲ್ಲಿ ಹೋಗುವವರು ಒಂದು ವಿಚಿತ್ರವನ್ನು ಗಮನಿಸಿರಬಹುದು. ಬೀರೂರು ದಾಟಿದ ಮೇಲೆ, ನೋಡನೋಡುತ್ತಿರುವಂತೆಯೇ ನಾಡಿನ ಚಹರೆ ಬದಲಾಗುತ್ತದೆ. ಹಿಂದೆ ಉಳಿದದ್ದು ಸುಳಿ ಒಣಗಿದ ತೆಂಗು, ಮಳೆಗಾಗಿ ಬಾಯಿಬಿಟ್ಟ ಕೆರೆಯಂಗಳ. ಮುಂದೆ ಬರುವುದು ಅಡಕೆಯ ತೋಟ, ಹಸಿರು ಬೆಟ್ಟ. ಭದ್ರೆಗೆ ಕಟ್ಟಿದ ಲಕ್ಕವಳ್ಳಿಯ ಅಣೆಕಟ್ಟು ಇರುವುದೂ ತರೀಕೆರೆ ತಾಲ್ಲೂಕಿನಲ್ಲಿಯೇ. ಬೀರೂರಿನಲ್ಲಿ ಇನ್ನೊಂದು ಹಳಿ ಹಿಡಿದರೆ ಅಜ್ಜಂಪುರ, ಅಮೃತಮಹಲ್ ದನಗಳ ಊರು. ತರೀಕೆರೆಯಿಂದ ಬೇರ್ಪಟ್ಟು ಈಚೆಗೆ ತಾನೇ ತಾಲ್ಲೂಕಾಯಿತು. ನೀರುಂಡ ನೆಲವೂ ನೀರಿಗೆ ಬಾಯಾರಿದ ನೆಲವೂ ಹೀಗೆ ಮಗ್ಗುಲಲ್ಲೇ ಮಲಗಿರುವ ಸೀಮೆ ಇದು.

ಈ ಸೀಮೆಯ ಒಂದು ಕಥೋಲಿಕ ಶಾಲೆಗೆ ಮೊನ್ನೆಯ ತಪಸ್ಸು ಕಾಲದಲ್ಲಿ ನಾನು ಹೋಗಿದ್ದೆ. ತಪಸ್ಸು ಕಾಲವೆಂದರೆ ಈಸ್ಟರ್ ಹಬ್ಬಕ್ಕೆ ಮುಂಚಿನ ನಲವತ್ತು ದಿನಗಳ ಉಪವಾಸ, ಪ್ರಾರ್ಥನೆ, ದಾನಗಳ ಅವಧಿ. ಅಕ್ಕನ ಮಗಳು ಅಲ್ಲಿ ಏಳನೆಯ ತರಗತಿಯಲ್ಲಿ ಓದುತ್ತಾಳೆ. ಬೆಳಗಿನ ಪ್ರಾರ್ಥನೆಗೆ ಮಕ್ಕಳೆಲ್ಲ ಸಭಾಂಗಣದಲ್ಲಿ ಸೇರಿದ್ದರು. ಶಿಲುಬೆಯ ಪಕ್ಕದಲ್ಲಿ ಬಿಳಿಯ ಪರದೆ ಇಳಿಬಿಟ್ಟಿದ್ದರು. ದೀಪ ಆರಿತು, ಪರದೆಯ ಮೇಲೆ ಒಂದು ಛಾಯಾಚಿತ್ರ ಮೂಡಿತು. ಬಿರಿದ ಕೆಂಪು ನೆಲ, ಒಂದು ಕೈಪಂಪು, ಸಾಲುಸಾಲು ಪ್ಲಾಸ್ಟಿಕ್ ಬಿಂದಿಗೆ, ಸೊಂಟದ ಮೇಲೆ ಕೂಸನ್ನಿಟ್ಟುಕೊಂಡು ಕಾದಿರುವ ಹೆಂಗಸರು. ಉಪಾಧ್ಯಾಯಿನಿ ಮೃದುವಾದ ದನಿಯಲ್ಲಿ, "ದೂರದ ಬಡ ದೇಶಗಳ ದುಃಖಿಗಳಿಗಾಗಿ ಪ್ರಾರ್ಥಿಸೋಣ" ಎಂದರು.

ಆಗ ಹಿಂದಿನ ಸಾಲಿನ ಹುಡುಗನೊಬ್ಬ ಎದ್ದುನಿಂತು ಕೇಳಿದ: "ಮಿಸ್, ಇದು ನಮ್ಮೂರಾ?"

ಮಕ್ಕಳು ಗೊಳ್ಳೆಂದು ನಕ್ಕರು. ಅದು ಆಫ್ರಿಕ ಖಂಡದ ಒಂದು ಹಳ್ಳಿಯೆಂದು ಉಪಾಧ್ಯಾಯಿನಿ ತಿಳಿಸಿದರು. ಹುಡುಗ ಮುಖ ಸಣ್ಣದು ಮಾಡಿಕೊಂಡು ಕುಳಿತ. ಅವನು ಕಡೂರಿನ ಕಡೆಯ ಹಳ್ಳಿಯವನೆಂದು ಆಮೇಲೆ ತಿಳಿಯಿತು. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಸಾರಲ್ಪಟ್ಟಾಗ ಟ್ಯಾಂಕರಿನ ಮುಂದೆ ಬಿಂದಿಗೆ ಹಿಡಿದು ನಿಂತವರ ಮನೆಯ ಹುಡುಗ. ಅವನ ಪ್ರಶ್ನೆಯಲ್ಲಿ ತಪ್ಪೇನಿತ್ತು?

ಪ್ರಾರ್ಥನೆಯಲ್ಲಿ ಚಿತ್ರವೇಕೆ ಎಂದು ಕೇಳುವವರಿಗೆ ಉತ್ತರ ಸುಲಭ. ಕಥೋಲಿಕರ ಆರಾಧನೆ ಎಂದಿನಿಂದಲೂ ಕಣ್ಣಿಗೆ ಮಣೆ ಹಾಕಿದೆ. ಕ್ರಿಸ್ತನ ಕೊನೆಯ ಯಾತನೆಯನ್ನು ಹೇಳುವ ಶಿಲುಬೆಯ ಹಾದಿಯ ಹದಿನಾಲ್ಕು ಚಿತ್ರಗಳು ಚರ್ಚಿನ ಗೋಡೆಯ ಮೇಲಿರುತ್ತವೆ. ಭಕ್ತರು ಒಂದೊಂದರ ಮುಂದೆಯೂ ನಿಂತು ಧ್ಯಾನಿಸುತ್ತ ನಡೆಯುತ್ತಾರೆ. ಇದು ನಮಗೇನು ಹೊಸತೆ? ತರೀಕೆರೆಗೆ ಸಮೀಪದ ಅಮೃತಾಪುರಕ್ಕೆ ಹೋಗಿ ನೋಡಿ. ಇಮ್ಮಡಿ ವೀರಬಲ್ಲಾಳನ ಕಾಲದ ಅಮೃತೇಶ್ವರ ದೇವಾಲಯದ ಗೋಡೆಯ ಮೇಲೆ ರಾಮಾಯಣ, ಮಹಾಭಾರತಗಳು ಕಲ್ಲಿನಲ್ಲಿ ಸಾಗುತ್ತವೆ. ಅಕ್ಷರ ಬಾರದವನಿಗೂ ಅಲ್ಲಿ ಪುರಾಣ ಓದಲು ಬರುತ್ತದೆ.

ಶಿಲುಬೆಯ ಪಕ್ಕದ ಪರದೆಯ ಮೇಲೆ ಪರದೇಶದ ಹಳ್ಳಿ ಮೂಡುವುದು ಮಾತ್ರ ಈಚಿನ ಪದ್ಧತಿ. ಜರ್ಮನಿಯ ಬಿಷಪ್ಪರು 1958ರಲ್ಲಿ ಮಿಸೆರಿಯೋರ್ ಎಂಬ ನೆರವಿನ ಸಂಸ್ಥೆಯನ್ನು ಸ್ಥಾಪಿಸಿದರು. 1962ರಲ್ಲಿ ಇಂಗ್ಲೆಂಡಿನಲ್ಲಿ ಕ್ಯಾಫೋಡ್, ನಮ್ಮಲ್ಲಿ ಕಾರಿತಾಸ್ ಇಂಡಿಯಾ ಹುಟ್ಟಿದವು. ಮರುವರ್ಷ ಚಿಕ್ಕಮಗಳೂರು ಪ್ರತ್ಯೇಕ ಧರ್ಮಕ್ಷೇತ್ರವಾಯಿತು. ಅಭಿವೃದ್ಧಿಯೆಂದರೆ ಹಣ ಬೆಳೆಯುವುದಷ್ಟೇ ಅಲ್ಲ, ಮನುಷ್ಯನು ಇಡಿಯಾಗಿ ಬೆಳೆಯುವುದು ಎಂಬ ವಿಚಾರವನ್ನು ಪೋಪ್ ಆರನೆಯ ಪೌಲರು 1967ರ ತಮ್ಮ ವಿಶ್ವಪತ್ರದಲ್ಲಿ ಎತ್ತಿ ಹೇಳಿದರು. ಬಾವಿ, ಶಾಲೆ, ಬೇಸಾಯದ ಛಾಯಾಚಿತ್ರಗಳು ಪ್ರಾರ್ಥನೆಯ ಪಠ್ಯದೊಡನೆ ಮಕ್ಕಳ ಮುಂದೆ ಬಂದದ್ದು ಈ ಹಿನ್ನೆಲೆಯಲ್ಲಿ.

ಛಾಯಾಚಿತ್ರದ ಶಕ್ತಿ ಅಲ್ಪವಾದುದಲ್ಲ. ಕಾಂಗೋದಲ್ಲಿ ಬೆಲ್ಜಿಯಮ್ಮಿನ ದೊರೆ ಲಿಯೊಪೋಲ್ಡನ ಕಡೆಯವರು ರಬ್ಬರಿಗಾಗಿ ನಡೆಸಿದ ಕ್ರೌರ್ಯವನ್ನು ಆಲಿಸ್ ಸೀಲಿ ಹ್ಯಾರಿಸ್ ಎಂಬ ಮಿಷನರಿ ಮಹಿಳೆ ಚಿತ್ರ ತೆಗೆದಳು. ಇಂಗ್ಲೆಂಡಿನ ಪ್ರಾರ್ಥನಾಮಂದಿರಗಳಲ್ಲಿ ಮಾಯಾದೀಪದ ಬೆಳಕಿನಲ್ಲಿ ಅವುಗಳನ್ನು ಕಂಡ ಜನ ಮರುಗಿ ಸುಮ್ಮನಾಗಲಿಲ್ಲ, ಕೆರಳಿದರು. 1908ರಲ್ಲಿ ದೊರೆಯ ಖಾಸಗಿ ಆಳ್ವಿಕೆ ಕೊನೆಗಂಡಿತು. ಆ ಚಿತ್ರಗಳು ನೋಡುಗನನ್ನು ದಾನಿಯಾಗಿಸಲಿಲ್ಲ, ಸಾಕ್ಷಿಯಾಗಿಸಿದವು.

ಇನ್ನೊಂದು ಬಗೆಯ ಚಿತ್ರವೂ ಉಂಟು. ಅದರಲ್ಲಿ ಇರುವವರು ನಮ್ಮ ದಕ್ಷಿಣದೇಶದವರೇ. 1876ರಿಂದ 1878ರವರೆಗೆ ಧಾತು-ಈಶ್ವರ ಸಂವತ್ಸರಗಳ ಮಹಾಕ್ಷಾಮವು ಮೈಸೂರು ಸೀಮೆಯನ್ನೂ ಮದರಾಸು ಪ್ರಾಂತ್ಯವನ್ನೂ ಒರಸಿಹಾಕಿತು. 1871ರ ಗಣತಿಯಲ್ಲಿ 50 ಲಕ್ಷ ಮೀರಿದ್ದ ಮೈಸೂರಿನ ಜನಸಂಖ್ಯೆ 1881ರಲ್ಲಿ 42 ಲಕ್ಷಕ್ಕೆ ಇಳಿದಿತ್ತು. ಈಗಿನ ಚಿಕ್ಕಮಗಳೂರು ಜಿಲ್ಲೆಗೆ ಆಗ ಕಡೂರು ಜಿಲ್ಲೆಯೆಂದೇ ಹೆಸರು. ಆ ಕ್ಷಾಮದಲ್ಲಿ ಹೂಪರ್ ಎಂಬ ಸೇನಾಧಿಕಾರಿ ಮದರಾಸಿನ ಕಡೆ ಎಲುಬಿನ ಹಂದರಗಳಾದ ಜನರನ್ನು ಸಾಲಾಗಿ ಕೂರಿಸಿ ಚಿತ್ರ ತೆಗೆದ. ಒಬ್ಬರಿಗೂ ಹೆಸರಿಲ್ಲ. ಚಿತ್ರ ತೆಗೆದ ಮೇಲೆ ಅವರಿಗೆ ಒಂದು ತುತ್ತು ಸಿಕ್ಕಿತೆ ಎಂದು ನೋಡಿದವರು ಇಂದಿಗೂ ಕೇಳುತ್ತಾರೆ. ನಮ್ಮ ಮುತ್ತಜ್ಜಂದಿರ ಕಾಲದವರು ಹೀಗೆ ಪರರ ಕರುಣೆಗೆ ವಸ್ತುವಾಗಿ ಕುಳಿತಿದ್ದರೆಂಬುದನ್ನು ನೆನೆದರೆ, ಹೆಸರಿಲ್ಲದ ಆಫ್ರಿಕದ ಹೆಂಗಸನ್ನು ಪರದೆಯ ಮೇಲೆ ತಂದು 'ಪಾಪ!' ಎನ್ನುವುದು ನನಗಂತೂ ಸಾಧ್ಯವಾಗದು. ಸಂಕಟದಲ್ಲಿರುವವರನ್ನು ಮರ್ಯಾದೆಯುಳ್ಳ ಮನುಷ್ಯರನ್ನಾಗಿಯೇ ತೋರಿಸಬೇಕೆಂದು ರೆಡ್‌ಕ್ರಾಸ್ ಮತ್ತು ನೆರವಿನ ಸಂಸ್ಥೆಗಳು 1994ರ ನಡವಳಿಕೆಯ ಸಂಹಿತೆಯಲ್ಲಿ ಒಪ್ಪಿಕೊಂಡಿವೆ. ಒಪ್ಪಿಕೊಳ್ಳಲು ಅಷ್ಟು ಕಾಲ ಹಿಡಿಯಿತು ನೋಡಿ!

ಚಿತ್ರ ಎದುರು ದಿಕ್ಕಿನಲ್ಲಿಯೂ ಪ್ರಯಾಣ ಮಾಡಬಲ್ಲದು. ತಪಸ್ಸು ಕಾಲದಲ್ಲಿ ಬಲಿಪೀಠದ ಮುಂದೆ ಚಿತ್ರಪಟವನ್ನು ತೂಗುಹಾಕುವ ಹಳೆಯ ವಾಡಿಕೆಯನ್ನು ಮಿಸೆರಿಯೋರ್ 1976ರಲ್ಲಿ ಮತ್ತೆ ಬಳಕೆಗೆ ತಂದಿತು. ಆ ಮೊದಲ ಪಟವನ್ನು ರಚಿಸಿದವರು, ಮುಂದೆ ಬೆಂಗಳೂರಿಗೆ ಸಮೀಪದ ಸಿಲ್ವೇಪುರದಲ್ಲಿ ಕಲಾಶ್ರಮ ಕಟ್ಟಿದ ಜ್ಯೋತಿ ಸಾಹಿಯವರು. ಅಲ್ಲಿ ಭಾರತ ಭಿಕ್ಷಾಪಾತ್ರೆ ಹಿಡಿದು ನಿಲ್ಲಲಿಲ್ಲ. ಜರ್ಮನಿಯವರಿಗೆ ಧ್ಯಾನದ ದಾರಿಯನ್ನೇ ತೋರಿಸಿತು.

ಪ್ರಾರ್ಥನೆ ಮುಗಿದ ಮೇಲೆ ಸಿಸ್ಟರ್ ಅವರೊಡನೆ ಕಾಫಿ ಕುಡಿಯುತ್ತ ಇದನ್ನೆಲ್ಲ ಹೇಳಿದೆ. ಅಧ್ಯಾಪಕನ ಚಾಳಿ, ಕೇಳದಿದ್ದರೂ ಪಾಠ ಹೇಳುತ್ತೇವೆ. ಅವರು ಬೇಸರಿಸಲಿಲ್ಲ. ಶಾಲೆಯ ಮಕ್ಕಳಲ್ಲಿ ಹೆಚ್ಚಿನವರು ಹಿಂದೂಗಳು, ಮುಸಲ್ಮಾನರು. ತಂದೆತಾಯಿಗಳ ಒಪ್ಪಿಗೆಯಿಲ್ಲದೆ ಯಾವ ಮಗುವನ್ನೂ ಧಾರ್ಮಿಕ ಆರಾಧನೆಗೆ ಸೇರಿಸಕೂಡದೆಂದು ಸಂವಿಧಾನದ 28ನೆಯ ವಿಧಿ ಹೇಳುತ್ತದೆ. ಆದುದರಿಂದ ಚಿತ್ರದ ಮುಂದೆ ಎರಡು ನಿಮಿಷ ಮೌನವೇ ಮೇಲೆಂದು ಅವರಿಗೂ ತೋರಿತ್ತು. ಆ ಹುಡುಗ ಕೇಳಿದ ಪ್ರಶ್ನೆಯಿಂದಲೇ ಮುಂದಿನ ವಾರ ಆರಂಭಿಸುತ್ತೇನೆಂದರು. ಆಫ್ರಿಕದ ಆ ಪಂಪನ್ನು ಹಾಕಿಸಿದವರು ಯಾರು, ಅದು ಕೆಟ್ಟರೆ ರಿಪೇರಿ ಮಾಡುವವರು ಯಾರು, ಇವನ ಊರಿನಲ್ಲಿ ಕೆರೆಯ ಹೂಳು ತೆಗೆದವರು ಯಾರು, ಇವನ್ನು ಮಕ್ಕಳೇ ವಿಚಾರಿಸಿಕೊಂಡು ಬರಬೇಕು. ಊರಿನ ಒಂದೊಂದು ಚಿತ್ರವನ್ನೂ ತರಬೇಕು. ಕೇಳಿ ಒಪ್ಪಿಗೆ ಪಡೆಯದೆ ಯಾರ ಚಿತ್ರವನ್ನೂ ತೆಗೆಯಕೂಡದು.

ಅಕ್ಕನ ಮಗಳು ಮೊಬೈಲು ಹಿಡಿದು ಅದೇ ಭಾನುವಾರ ಹೊರಟಳು, ಕಾವಲಿಗೆ ನಾನು. ಊರ ಹೊರಗಿನ ನಲ್ಲಿಯ ಬಳಿ ವಯಸ್ಸಾದ ಹೆಂಗಸೊಬ್ಬಳು ಬಿಂದಿಗೆ ತುಂಬಿಸುತ್ತಿದ್ದಳು. "ಅಜ್ಜೀ, ನಿಮ್ದೊಂದು ಫೋಟೋ ತೆಗೀಲಾ? ಶಾಲೇಲಿ ತೋರಿಸ್ಬೇಕು" ಎಂದು ಹುಡುಗಿ ಕೇಳಿದಳು. ಮುದುಕಿ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ತುಂಬಿದ ಬಿಂದಿಗೆಯನ್ನು ಪಕ್ಕಕ್ಕೆ ಸರಿಸಿದಳು.

"ತಾಳವ್ವ. ಮುಖ ತೊಳ್ಕೊಂಡು, ಬೇರೆ ಸೀರೆ ಉಟ್ಕೊಂಡು ಬರ್ತೀನಿ. ಈ ಬಿಂದಿಗೆ ಕಾಣ್ಬಾರ್ದು. ನನ್ನ ಎಮ್ಮೆ ಜೊತೆ ತೆಗಿ."