ಕಲಿಸಿದ ಕೈಯೇ ಒರೆಗೆ ಹಚ್ಚಬಹುದೆ?

ನಮ್ಮ ಹೆಡತಲೆಯು ನಂಜನಗೂಡು ತಾಲ್ಲೂಕಿನ ಒಂದು ಗ್ರಾಮ. ಲಕ್ಷ್ಮೀಕಾಂತಸ್ವಾಮಿಯ ಪುರಾತನ ದೇವಾಲಯದಿಂದಾಗಿ ವಾಚಕರಲ್ಲಿ ಕೆಲವರು ಇದರ ಹೆಸರನ್ನು ಬಲ್ಲರು. ಈಚೆಗೆ ಒಂದು ಸಂಜೆ ನೆರೆಮನೆಯ ಗೃಹಸ್ಥರೊಬ್ಬರು ತಮ್ಮ ಮಗನೊಡನೆ ನಮ್ಮ ಜಗಲಿಗೆ ಬಂದು ಕುಳಿತರು. ಮಗನು ಪದವೀಧರ; ಕಂಪ್ಯೂಟರಿನ ಉದ್ಯೋಗವನ್ನು ಅರಸುತ್ತಿರುವನು.

"ಮೇಷ್ಟ್ರೇ, ಇವನಿಗೆ ಯಾವುದೋ ಸರ್ಟಿಫಿಕೇಟು ಬೇಕಂತೆ. ಅವರು ಒಪ್ಪಿದ ತರಬೇತಿಗೆ ಸೇರಿದರೆ ಒಂದು ಪರೀಕ್ಷೆ ಮಾಫಿಯಂತೆ. ಇವರಮ್ಮನ ಬಳೆಗಳನ್ನು ಅಡವಿಡಲೋ ಬೇಡವೋ, ನೀವೇ ಹೇಳಿ" ಎಂದು ತಂದೆಯು ಕೇಳಿದರು. ಹುಡುಗನು ತಲೆ ತಗ್ಗಿಸಿ, "ಎರಡು ವರ್ಷದಿಂದ ನಾನೇ ಓದಿ ಕಲಿತಿದ್ದೇನೆ ಸಾರ್. ಪರೀಕ್ಷೆಗೆ ನಾನು ಹೆದರುವುದಿಲ್ಲ. ಆದರೆ ದುಡ್ಡು ಕೊಟ್ಟವರಿಗೆ ಪರೀಕ್ಷೆ ಬೇಡ, ನನಗೆ ಮಾತ್ರ ಬೇಕು ಎನ್ನುವುದು ಯಾವ ನ್ಯಾಯ?" ಎಂದನು.

ಈ ಪ್ರಶ್ನೆಯು ಒಂದು ಮನೆಗೆ ಸೇರಿದ್ದಲ್ಲವಾದುದರಿಂದ ಇಲ್ಲಿ ವಿಚಾರಮಾಡಲು ಉದ್ದೇಶಿಸಿದ್ದೇನೆ. ಕಂಪ್ಯೂಟರಿನ ಉದ್ಯೋಗದಲ್ಲಿ ವಿಶ್ವವಿದ್ಯಾನಿಲಯದ ಪದವಿಯ ಜೊತೆಗೆ ಬೇರೆ ಸಂಸ್ಥೆಗಳು ಕೊಡುವ ಪ್ರಮಾಣಪತ್ರಗಳಿಗೂ ಬೆಲೆಯುಂಟು. ಅವುಗಳ ನಿಯಮಗಳು ಒಂದೇ ಬಗೆಯಾಗಿಲ್ಲ. ಪ್ರಸಿದ್ಧವಾದ ಎರಡನ್ನು ನೋಡೋಣ.

ಕಂಪ್ಯೂಟರ್ ಜಾಲಗಳಲ್ಲಿ ಕಳ್ಳರು ನುಗ್ಗಬಹುದಾದ ಕಂಡಿಗಳನ್ನು ಒಡೆಯನ ಅನುಮತಿಯಿಂದಲೇ ಮುಂಚಿತವಾಗಿ ಹುಡುಕಿಕೊಡುವವರಿಗೆ ಇ.ಸಿ. ಕೌನ್ಸಿಲ್ ಎಂಬ ಸಂಸ್ಥೆಯು 'ಸರ್ಟಿಫೈಡ್ ಎಥಿಕಲ್ ಹ್ಯಾಕರ್' ಎಂಬ ಪ್ರಮಾಣಪತ್ರವನ್ನು ಕೊಡುತ್ತದೆ. ಅಧಿಕೃತ ತರಬೇತಿಯನ್ನು ಪಡೆದವನು ನೇರವಾಗಿ ಪರೀಕ್ಷೆಗೆ ಕುಳಿತುಕೊಳ್ಳಬಹುದು. ಪಡೆಯದವನಾದರೋ, ಆ ಕ್ಷೇತ್ರದಲ್ಲಿ ೨ ವರ್ಷ ದುಡಿದುದನ್ನು ತೋರಿಸಿ, ಮರಳಿ ಬಾರದ ೧೦೦ ಡಾಲರು ಅರ್ಜಿಶುಲ್ಕವನ್ನು ತೆತ್ತು, ಅನುಮತಿಯನ್ನು ಬೇಡಬೇಕು. ಇಲ್ಲಿ ಪರೀಕ್ಷೆಯು ಇಬ್ಬರಿಗೂ ಒಂದೇ. ಮನ್ನಾ ಆಗುವುದು ಬಾಗಿಲ ಕಾವಲು ಮಾತ್ರ.

ಸ್ಕ್ರಮ್ ಎಂಬುದು ಚಿಕ್ಕ ತಂಡಗಳು ಕಂತುಕಂತಾಗಿ ತಂತ್ರಾಂಶವನ್ನು ರಚಿಸುವ ಒಂದು ಕ್ರಮ. ಸ್ಕ್ರಮ್ ಅಲಯನ್ಸ್ ಎಂಬ ಸಂಸ್ಥೆಯು ಈ ಕ್ರಮವನ್ನು ಬಲ್ಲವರಿಗೆ ಪ್ರಮಾಣಪತ್ರ ಕೊಡುತ್ತದೆ. ಮೊದಮೊದಲು ಇದಕ್ಕೆ ಪರೀಕ್ಷೆಯೇ ಇರಲಿಲ್ಲ. ಅಧಿಕೃತ ಬೋಧಕನ ಎರಡು ದಿನದ ಪಾಠವನ್ನು ಕೇಳಿದರೆ ಸಾಕಾಗಿತ್ತು. ಅನಂತರ ಪರೀಕ್ಷೆಯೂ ಸೇರಿತು. ಪಾಠವು ಕಡ್ಡಾಯವಾಗಿಯೇ ಉಳಿಯಿತು. ಅದರ ಸ್ಥಾಪಕರಲ್ಲೊಬ್ಬರಾದ ಕೆನ್ ಶ್ವೇಬರ್ ಎಂಬವರು ಇಂಥ ವಿಷಯಗಳಲ್ಲಿ ಭಿನ್ನಾಭಿಪ್ರಾಯ ಬಂದು ೨೦೦೯ರಲ್ಲಿ ಹೊರಬಂದು, ಸ್ಕ್ರಮ್ ಡಾಟ್ ಆರ್ಗ್ ಎಂಬ ಬೇರೆ ಸಂಸ್ಥೆಯನ್ನು ಕಟ್ಟಿದರು. ಅಲ್ಲಿಯ ಮೊದಲ ದರ್ಜೆಗೆ ಪಾಠವು ಕಡ್ಡಾಯವಲ್ಲ, ಪರೀಕ್ಷೆ ಕಡ್ಡಾಯ: ೬೦ ನಿಮಿಷಗಳಲ್ಲಿ ೮೦ ಪ್ರಶ್ನೆಗಳು, ತೇರ್ಗಡೆಗೆ ನೂರಕ್ಕೆ ೮೫ ಅಂಕಗಳು. ವಿದ್ಯೆಯೊಂದೇ, ದಾರಿಗಳು ಎರಡು.

ತರಬೇತಿಯ ಪಕ್ಷದವರ ಮಾತನ್ನೂ ಕೇಳಬೇಕು. ನಾಲ್ಕು ಉತ್ತರಗಳಲ್ಲಿ ಒಂದನ್ನು ಗುರುತಿಸುವ ಪರೀಕ್ಷೆಯನ್ನು ಬಾಯಿಪಾಠದಿಂದಲೂ ಗೆಲ್ಲಬಹುದು. ಕೈಗೆಲಸವನ್ನು ದಿನಗಟ್ಟಲೆ ಕಣ್ಣಾರೆ ನೋಡಿದ ಗುರುವಿನ ತೀರ್ಮಾನವೇ ಅದಕ್ಕಿಂತ ಮೇಲು ಎಂಬುದು ಅವರ ವಾದ. ಇದನ್ನು ಸುಮ್ಮನೆ ತಳ್ಳಿಹಾಕಲಾಗದು. ಗಂಟೆ ಹೊಡೆದೊಡನೆ ಬುದ್ಧಿ ಮಂಕಾಗುವ ಜಾಣ ಮಕ್ಕಳನ್ನು ನಾನೂ ಕಂಡಿದ್ದೇನೆ.

ಆದರೆ ನನ್ನ ಒಂದು ತಪ್ಪನ್ನೂ ಹೇಳಿಬಿಡಬೇಕು. ೨೦೧೪-೧೫ರಿಂದ ನಮ್ಮ ಎಸ್.ಎಸ್.ಎಲ್.ಸಿ.ಯಲ್ಲಿ ಹೆಚ್ಚಿನ ವಿಷಯಗಳಿಗೆ ೧೦೦ರಲ್ಲಿ ೨೦ ಅಂಕಗಳನ್ನು ಶಾಲೆಯೇ ಕೊಡುವ ಪದ್ಧತಿ ಬಂದಿತು. ಶಾಲೆಗೆ ಬಾರದೆ ಖಾಸಗಿಯಾಗಿ ಕಟ್ಟಿದವನು ಪೂರ್ತಿ ೧೦೦ಕ್ಕೂ ಬರೆಯಬೇಕಾಗಿತ್ತು. ಆ ಅಂಕಗಳ ಪಟ್ಟಿಯನ್ನು ಬರೆಯುವಾಗ ನನ್ನ ಕೈ ಸಡಿಲವಾಗುತ್ತಿದ್ದಿತು. ಯಾರೂ ಲಂಚ ಕೊಡಲಿಲ್ಲ, ಯಾರೂ ಒತ್ತಾಯಿಸಲಿಲ್ಲ. ನನ್ನ ಮುಂದೆ ಕುಳಿತು ಕಲಿತ ಮಕ್ಕಳೆಂಬ ಮಮತೆ ಒಂದು. ಅವರು ಸೋತರೆ ನನ್ನ ಪಾಠವೇ ಸೋತಂತೆ ಎಂಬ ಅಭಿಮಾನ ಇನ್ನೊಂದು. ಹಗಲು ಹೊಲದಲ್ಲಿ ದುಡಿದು ರಾತ್ರಿ ಓದಿ ಖಾಸಗಿಯಾಗಿ ಕಟ್ಟಿದ ಬಡಹುಡುಗನಿಗೆ ಆ ಮಮತೆಯಲ್ಲಿ ಪಾಲಿರಲಿಲ್ಲ. ಹಣದ ಸಂಬಂಧವಿಲ್ಲದೆಯೇ ಗುರುವಿನ ಕೈ ಹೀಗೆ ವಾಲುವುದಾದರೆ, ಶುಲ್ಕವೂ ಸೇರಿದಾಗ ಹೇಗೆಂಬುದನ್ನು ವಾಚಕರೇ ಊಹಿಸಬಹುದು.

ಈಗ ಇದೇ ಪ್ರಶ್ನೆಯು ಪ್ರತಿಯೊಂದು ಮನೆಗೂ ಬರುತ್ತಿದೆ. ೨೦೨೧ರ ಜುಲೈ ೧ರಿಂದ ಜಾರಿಗೆ ಬಂದ ಕೇಂದ್ರ ಸರ್ಕಾರದ ನಿಯಮದಂತೆ, ಮಾನ್ಯತೆ ಪಡೆದ ಚಾಲಕ ತರಬೇತಿ ಕೇಂದ್ರದಲ್ಲಿ ಕಲಿತು ಅಲ್ಲಿಯೇ ತೇರ್ಗಡೆಯಾದವನು ಲೈಸೆನ್ಸಿಗಾಗಿ ಆರ್.ಟಿ.ಓ. ಕಚೇರಿಯಲ್ಲಿ ವಾಹನ ನಡೆಸಿ ತೋರಿಸಬೇಕಾದುದಿಲ್ಲ. ಕಾರು ಮೊದಲಾದ ಲಘು ವಾಹನಗಳಿಗೆ ೪ ವಾರಗಳೊಳಗೆ ೨೯ ಗಂಟೆಗಳ ಶಿಕ್ಷಣ. ಅದರಲ್ಲಿ ೮ ಗಂಟೆ ಪಾಠ, ೨೧ ಗಂಟೆ ಅಭ್ಯಾಸ. ಈ ನಿಯಮದಲ್ಲಿ ಗುಣವುಂಟು. ಕಚೇರಿಯ ಕೆಲವೇ ನಿಮಿಷಗಳ ಪರೀಕ್ಷೆಗಿಂತ ೨೯ ಗಂಟೆಗಳ ಶಿಕ್ಷಣವು ಹೆಚ್ಚು ಫಲಕಾರಿಯಾಗಬಹುದು. ಕೇಂದ್ರಕ್ಕೆ ಸೇರದವನಿಗೆ ಕಚೇರಿಯ ಬಾಗಿಲೂ ಮುಚ್ಚಿಲ್ಲ. ದೋಷವೂ ಉಂಟು: ಶುಲ್ಕವನ್ನು ತೆಗೆದುಕೊಳ್ಳುವ ಕೈಯೇ ತೇರ್ಗಡೆಯ ಕಾಗದವನ್ನೂ ಬರೆಯುವುದು. ಆ ಕೈ ಸಡಿಲವಾದರೆ ತೊಂದರೆಪಡುವವನು ರಸ್ತೆಯಲ್ಲಿ ಎದುರಿಗೆ ಬರುವವನು.

ಹಾಗಾದರೆ ತೀರ್ಮಾನವೇನು? ನೆರೆಯವರು ಅಡವಿಡಹೊರಟ ಬಳೆಗಳನ್ನೇ ನೋಡೋಣ. ೨೦೨೧ರ ಜೂನ್ ೧೬ರಿಂದ ಹಂತಹಂತವಾಗಿ ಚಿನ್ನದ ಒಡವೆಗಳಿಗೆ ಹಾಲ್‌ಮಾರ್ಕ್ ಕಡ್ಡಾಯವಾಗಿದೆ. ಮಾರುವ ಅಂಗಡಿಯವನು ತಾನೇ ಆ ಮುದ್ರೆಯನ್ನು ಒತ್ತುವಂತಿಲ್ಲ. ಭಾರತೀಯ ಮಾನಕ ಬ್ಯೂರೋ ಒಪ್ಪಿದ ಪರೀಕ್ಷಾಕೇಂದ್ರವು ಒರೆಹಚ್ಚಿ ಒತ್ತಬೇಕು. ಅಂಗಡಿಯವರೆಲ್ಲರೂ ವಂಚಕರೆಂದು ಇದರ ಅರ್ಥವಲ್ಲ. ಪ್ರಾಮಾಣಿಕನಾದ ವ್ಯಾಪಾರಿಗೂ ಬೇರೆಯವರು ಒತ್ತಿದ ಮುದ್ರೆಯಿಂದ ಗೌರವವೇ ಹೆಚ್ಚುವುದು. ವಿದ್ಯೆಗೂ ಈ ಕ್ರಮವೇ ಸಲ್ಲತಕ್ಕದ್ದು. ತರಬೇತಿ ಪಡೆದವನಿಗೆ ವಿನಾಯಿತಿ ಕೊಡಲಿ. ಆದರೆ ಆ ತರಬೇತಿಯ ಕೊನೆಯಲ್ಲಿ ಶುಲ್ಕದ ಹಂಗಿಲ್ಲದ ಬೇರೊಬ್ಬನು ಒರೆಹಚ್ಚಿರಬೇಕು. ತಾನಾಗಿ ಕಲಿತವನಿಗೂ ಪರೀಕ್ಷೆಯ ಬಾಗಿಲು ಅವನ ಶಕ್ತಿಗೆ ನಿಲುಕುವ ಬೆಲೆಯಲ್ಲಿ ತೆರೆದಿರಬೇಕು. ಇವೆರಡೂ ಇದ್ದಲ್ಲಿ ವಿನಾಯಿತಿಯು ನ್ಯಾಯ. ಇಲ್ಲದಲ್ಲಿ ಅದು ವಿಕ್ರಯ.

ನೆರೆಯವರಿಗೆ ನಾನು ಹೇಳಿದುದು ಇಷ್ಟೆ: "ಬಳೆಗಳು ಮನೆಯಲ್ಲೇ ಇರಲಿ. ನೇರವಾಗಿ ಪರೀಕ್ಷೆಗೆ ಕೂರಿಸುವ ಪ್ರಮಾಣಪತ್ರಗಳೂ ಉಂಟು. ಮೊದಲು ಅಂಥದೊಂದನ್ನು ಇವನು ಕಟ್ಟಲಿ. ಗೊತ್ತಿಲ್ಲದುದನ್ನು ಕಲಿಯುವುದಕ್ಕೆ ತರಬೇತಿಗೆ ಸೇರುವುದಾದರೆ ಸಾಲ ಮಾಡಿದರೂ ಮಾಡಬಹುದು. ಪರೀಕ್ಷೆಯನ್ನು ತಪ್ಪಿಸಿಕೊಳ್ಳುವುದಕ್ಕೆ ಸಾಲ ಬೇಡ." ತಂದೆಯ ಮುಖದಲ್ಲಿ ಪೂರ್ತಿ ಸಮಾಧಾನ ಕಾಣಲಿಲ್ಲ, ಕೆಲಸ ಸಿಕ್ಕುವವರೆಗೆ ಅದು ಸಹಜವೇ. ಹುಡುಗನು ಮಾತ್ರ ಮರುದಿನವೇ ಬಂದು, ರಾತ್ರಿ ಓದಲು ನಮ್ಮ ಜಗಲಿಯ ದೀಪವನ್ನು ಹತ್ತರವರೆಗೆ ಉರಿಸಬಹುದೇ ಎಂದು ಕೇಳಿದನು. ಈಗ ಅದು ದಿನವೂ ಉರಿಯುತ್ತಿದೆ.