ಗೆಲಿಲಿಯೋ ಆಗಲು ಮೂರು ವರ್ಷ

ಶಾಲಾ ವಾರ್ಷಿಕೋತ್ಸವ ಹತ್ತಿರ ಬಂತೆಂದರೆ ಕೆಲವು ಮನೆಗಳಲ್ಲಿ ಗಡಿಬಿಡಿಯೋ ಗಡಿಬಿಡಿ. ಮಗನಿಗೆ ನಾಟಕದಲ್ಲಿ ಪಾತ್ರ ಸಿಕ್ಕಿರುತ್ತದೆ. ತಾಯಿ ಒಗ್ಗರಣೆ ಹಾಕುತ್ತಲೇ ಮಾತು ಒಪ್ಪಿಸಿಕೊಳ್ಳುತ್ತಾರೆ. ತಂದೆ ಗಡ್ಡ, ಮೀಸೆ, ಜರಿ ಪೇಟ ಬಾಡಿಗೆಗೆ ತರಲು ಓಡುತ್ತಾರೆ. ನಾಲ್ಕು ಪುಟದ ಮಾತು ತಡವರಿಸದೆ ಬಂದರೆ ಪಾತ್ರ ಸಿದ್ಧವಾಯಿತೆಂದೇ ಎಲ್ಲರ ಎಣಿಕೆ. ನಿಜ ಹೇಳಬೇಕೆಂದರೆ, ಮಾತು ಬಾಯಿಗೆ ಬಂದ ದಿನ ಪಾತ್ರದ ಕೆಲಸ ಶುರುವಾಗುತ್ತದೆ, ಅಷ್ಟೇ. ಒಬ್ಬ ವಿಜ್ಞಾನಿಯ ಪಾತ್ರಕ್ಕಾಗಿ ಒಬ್ಬ ನಟ ಪಟ್ಟ ಶ್ರಮದ ಕಥೆ ಕೇಳಿದರೆ ಇದು ಮನದಟ್ಟಾಗುತ್ತದೆ.

ಜರ್ಮನಿಯ ನಾಟಕಕಾರ ಬರ್ಟೋಲ್ಟ್ ಬ್ರೆಕ್ಟ್ ಹಿಟ್ಲರನ ಆಳ್ವಿಕೆಗೆ ಹೆದರಿ 1933ರಲ್ಲಿ ದೇಶ ಬಿಟ್ಟವನು. 1938-39ರಲ್ಲಿ ಡೆನ್ಮಾರ್ಕಿನಲ್ಲಿದ್ದಾಗ ಗೆಲಿಲಿಯೋನ ಜೀವನವನ್ನು ಕುರಿತ ನಾಟಕ ಬರೆದ. ಆಮೇಲೆ ಅಮೆರಿಕ ಸೇರಿದ ಆತನಿಗೆ ಕ್ಯಾಲಿಫೋರ್ನಿಯಾದಲ್ಲಿ ಚಾರ್ಲ್ಸ್ ಲಾಟನ್ ಜೊತೆಯಾದ. ಲಾಟನ್ ಇಂಗ್ಲೆಂಡಿನ ಸ್ಕಾರ್ಬರೋದಲ್ಲಿ 1899ರಲ್ಲಿ ಹುಟ್ಟಿದ ದಪ್ಪ ಮೈಯ ನಟ. ಎಂಟನೆಯ ಹೆನ್ರಿಯ ಪಾತ್ರಕ್ಕೆ ಆಸ್ಕರ್ ಗೆದ್ದಿದ್ದ, ಹಾಲಿವುಡ್ಡಿನಲ್ಲಿ ಬೇಕಾದಷ್ಟು ಹೆಸರು ಮಾಡಿದ್ದ. ಇಬ್ಬರೂ 1944ರ ಕೊನೆಯಲ್ಲಿ ಕೈಹಚ್ಚಿದ ಕೆಲಸ ರಂಗಕ್ಕೆ ಬಂದದ್ದು 1947ರ ಜುಲೈಯಲ್ಲಿ.

ತಮಾಷೆಯೆಂದರೆ, ಲಾಟನ್‌ಗೆ ಜರ್ಮನ್ ಬರುತ್ತಿರಲಿಲ್ಲ, ಬ್ರೆಕ್ಟ್‌ನ ಇಂಗ್ಲಿಷ್ ಅಷ್ಟಕ್ಕಷ್ಟೆ. ನಾಟಕವೋ ಇಂಗ್ಲಿಷಿಗೆ ಬರಬೇಕು. ಬ್ರೆಕ್ಟ್ ಒಂದೊಂದು ಮಾತನ್ನೂ ಹರಕು ಇಂಗ್ಲಿಷಿನಲ್ಲೋ ಜರ್ಮನ್ನಿನಲ್ಲೋ ಅಭಿನಯಿಸಿ ತೋರಿಸುತ್ತಿದ್ದ. ಲಾಟನ್ ಅದನ್ನು ಹತ್ತು ಬಗೆಯಲ್ಲಿ ತಿರುಗಿ ಅಭಿನಯಿಸುತ್ತಿದ್ದ. ಸರಿ ಎನಿಸಿದಾಗ ತನ್ನ ಕೈಯಾರೆ ಬರೆದುಕೊಳ್ಳುತ್ತಿದ್ದ. ಹೀಗೆ ಮೊದಲು ಭಂಗಿ, ಆಮೇಲೆ ಮಾತು ಹುಟ್ಟಿತು. ನಮ್ಮ ಮಕ್ಕಳು ಮಾಡುವುದು ಇದರ ತಿರುವುಮುರುವು: ಮೊದಲು ಮಾತನ್ನು ಉರು ಹೊಡೆದು, ಆಮೇಲೆ ಅದರ ಮೇಲೆ ಕೈ ಬೀಸುವುದನ್ನು ಅಂಟಿಸುತ್ತಾರೆ.

ನಾಟಕದ ಮೊದಲ ದೃಶ್ಯವನ್ನೇ ನೋಡಿ. ಪಡುವಾ ಪಟ್ಟಣದ ಬಡ ಕೋಣೆ. ಗೆಲಿಲಿಯೋ ಬರಿಮೈಯಲ್ಲಿ ನಿಂತು ಮೈ ತೊಳೆದುಕೊಳ್ಳುತ್ತಿದ್ದಾನೆ. ಮನೆ ನೋಡಿಕೊಳ್ಳುವಾಕೆಯ ಮಗ, ಪುಟ್ಟ ಆಂಡ್ರಿಯಾ, ಹಾಲು ತಂದಿದ್ದಾನೆ. ಹುಡುಗನಿಗೆ ಸೂರ್ಯನೇ ಸುತ್ತುತ್ತಾನೆಂಬ ನಂಬಿಕೆ. ಗೆಲಿಲಿಯೋ ಮುಖ ತೊಳೆಯುವ ಸ್ಟ್ಯಾಂಡನ್ನು ಕೋಣೆಯ ನಡುವೆ ಇಟ್ಟು ಅದೇ ಸೂರ್ಯ ಎನ್ನುತ್ತಾನೆ. ಹುಡುಗನನ್ನು ಕುರ್ಚಿಯಲ್ಲಿ ಕೂರಿಸಿ, ಸೂರ್ಯ ಎಡಕ್ಕಿದೆಯೋ ಬಲಕ್ಕಿದೆಯೋ ಕೇಳುತ್ತಾನೆ. ಅನಂತರ ಕುರ್ಚಿ ಸಮೇತ ಹುಡುಗನನ್ನೇ ಎತ್ತಿ ತಿರುಗಿಸುತ್ತಾನೆ! ಸೂರ್ಯ ಕದಲಲಿಲ್ಲ, ಆದರೂ ಎಡಕ್ಕಿದ್ದದ್ದು ಬಲಕ್ಕೆ ಬಂತು. ಚೆಂಡು, ಮೇಣದ ಬತ್ತಿ ಹಿಡಿದು ಹಗಲು ರಾತ್ರಿ ಪಾಠ ಮಾಡಿದ ಯಾವ ಮೇಷ್ಟರಿಗೂ ಈ ದೃಶ್ಯ ಕಂಡರೆ ಅಸೂಯೆಯಾಗಬೇಕು. ಉದಾಹರಣೆಯಲ್ಲಿ ಲೋಪವಿದೆಯೆಂದು ಹುಡುಗ ತಾನೇ ಪತ್ತೆ ಹಚ್ಚುವುದಂತೂ ಇನ್ನೂ ಸೊಗಸು. ರಾತ್ರಿ ತಾನು ತಲೆಕೆಳಗಾಗಿ ನೇತಾಡಬೇಕಲ್ಲ ಎಂದು ಅವನ ತಕರಾರು.

ಇಲ್ಲಿ ನಟನ ಪಾಲಿಗೆ ಏನಿದೆ? ಮೈ ತೊಳೆಯಬೇಕು, ಹಾಲು ಕುಡಿಯಬೇಕು, ಪಾಠವನ್ನೂ ಹೇಳಬೇಕು. ಲಾಟನ್ ಈ ಮೂರನ್ನೂ ಒಂದೇ ರುಚಿಯ ಕೆಲಸಗಳನ್ನಾಗಿ ಮಾಡಿಕೊಂಡ. ಬೆನ್ನ ಮೇಲೆ ನೀರು ಬಿದ್ದ ಸುಖ, ಹಾಲಿನ ಸುಖ, ಯೋಚನೆ ಮಾಡುವ ಸುಖ ಎಲ್ಲವೂ ಒಂದೇ ಬಾಯಾರಿಕೆಯಿಂದ ಬಂದವು. ತನ್ನ ದಪ್ಪ ಮೈಯನ್ನು ಆತ ಮರೆಮಾಡಲಿಲ್ಲ, ಬಂಡವಾಳ ಮಾಡಿಕೊಂಡ. ಪ್ರೇಕ್ಷಕರಿಗೆ ಅಲ್ಲಿ ಕಾಣುವುದು ಬರೀ ಖುಷಿಯ ಮನುಷ್ಯ. ಆದರೆ ಬೀಜ ಬಿದ್ದಾಗಿದೆ. ಸುಖವನ್ನು ಅಷ್ಟು ಪ್ರೀತಿಸುವವನಿಗೆ ಚಿತ್ರಹಿಂಸೆಯ ಸಲಕರಣೆ ತೋರಿಸಿದರೆ ಏನಾದೀತು? ಕೊನೆಯಲ್ಲಿ ಬೀಳಲಿರುವವನು ಮೊದಲ ದೃಶ್ಯದಲ್ಲೇ ಹಾಲು ಕುಡಿಯುತ್ತ ನಿಂತಿದ್ದಾನೆ. ಪಾತ್ರವನ್ನು ಬೆಳೆಸುವುದು ಎಂದರೆ ಇದು.

ಪಾತ್ರ ಸಿಕ್ಕ ವಿದ್ಯಾರ್ಥಿ 'ಇವನಿಗೆ ಎಷ್ಟು ದುಃಖ, ಎಷ್ಟು ಕೋಪ' ಎಂದು ಅಳೆಯುತ್ತ ಕೂರಬಾರದು. ಈ ಗಳಿಗೆಯಲ್ಲಿ ಇವನು ಏನು ಮಾಡುತ್ತಿದ್ದಾನೆ, ಇವನಿಗೆ ಏನು ಬೇಕು ಎಂದು ಕೇಳಿಕೊಳ್ಳಲಿ. ಮನೆಯಲ್ಲೇ ಒಂದು ಪ್ರಯೋಗ ಮಾಡಬಹುದು. ಒಂದೇ ಮಾತನ್ನು ಅವರೆಕಾಯಿ ಸುಲಿಯುತ್ತ ಒಮ್ಮೆ, ಬಸ್ಸಿಗೆ ಓಡುವ ಅವಸರದಲ್ಲಿ ಚಪ್ಪಲಿ ಹುಡುಕುತ್ತ ಒಮ್ಮೆ ಹೇಳಿ ನೋಡಿ. ದನಿ ತಾನಾಗಿ ಬದಲಾಗುತ್ತದೆ, ಯಾರೂ ಹೇಳಿಕೊಡಬೇಕಿಲ್ಲ.

ಮತ್ತೆ ಲಾಟನ್ ಕಥೆಗೆ ಬರೋಣ. ಕೆಲಸ ನಡೆಯುತ್ತಿದ್ದಾಗಲೇ, 1945ರ ಆಗಸ್ಟ್ 6ರಂದು, ಹಿರೋಷಿಮಾದ ಮೇಲೆ ಅಣುಬಾಂಬ್ ಬಿತ್ತು. ಭೌತವಿಜ್ಞಾನಕ್ಕೆ ತಳಹದಿ ಹಾಕಿದವನ ಕಥೆ ರಾತ್ರೋರಾತ್ರಿ ಬೇರೆ ಅರ್ಥ ಪಡೆಯಿತು. ಮೊದಲ ಬರವಣಿಗೆಯಲ್ಲಿ ಗೆಲಿಲಿಯೋ ಚತುರ ಮುದುಕ. 1633ರಲ್ಲಿ ಭೂಮಿ ಚಲಿಸುವುದಿಲ್ಲವೆಂದು ಒಪ್ಪಿಕೊಂಡು ಜೀವ ಉಳಿಸಿಕೊಂಡು, ಗುಟ್ಟಾಗಿ ಗ್ರಂಥ ಬರೆದು ಹೊರಗೆ ಕಳಿಸಿದವನು. ಈಗ ಅದು ಸಾಲದಾಯಿತು. ತನ್ನ ಜ್ಞಾನವನ್ನು ಅಧಿಕಾರದಲ್ಲಿದ್ದವರ ಕೈಗೆ ಒಪ್ಪಿಸಿ ಸುಮ್ಮನಾದ ವಿಜ್ಞಾನಿಯನ್ನು ಕ್ಷಮಿಸಬಹುದೆ? (ನಾಟಕವೇ ಇತಿಹಾಸವೆಂದು ವಿದ್ಯಾರ್ಥಿಗಳು ತಿಳಿಯಬಾರದು. ನಾಟಕದಲ್ಲಿ ಮುದಿ ತಂದೆಯನ್ನು ನೋಡಿಕೊಂಡಿರುವ ಮಗಳು ವರ್ಜೀನಿಯಾ ವಾಸ್ತವದಲ್ಲಿ ಚಿಕ್ಕಂದಿನಲ್ಲೇ ಸನ್ಯಾಸಿನಿಯಾಗಿ ಮಠ ಸೇರಿದ್ದಳು.)

ನಟನಿಗೆ ನಿಜವಾದ ಪರೀಕ್ಷೆ ಎದುರಾದದ್ದು ಈಗ. ಯಾವ ನಟನಿಗಾದರೂ ಪ್ರೇಕ್ಷಕರ ಮರುಕ ಬೇಕು. ಅದರಲ್ಲೂ ಕಣ್ಣು ಮಂಜಾದ, ಗೃಹಬಂಧನದ ಮುದುಕನ ಪಾತ್ರವೆಂದರೆ ಮರುಕ ತಾನಾಗಿಯೇ ಹರಿದು ಬರುತ್ತದೆ. ಲಾಟನ್ ಅದನ್ನು ಬೇಡವೆಂದ. ಮಾತು ಹಿಂತೆಗೆದುಕೊಂಡು ವಿಚಾರಣೆಯಿಂದ ಹೊರಬರುವಾಗ ಆತನ ಮುಖದಲ್ಲಿದ್ದದ್ದು ದುಃಖವಲ್ಲ, ಒಂದು ಬಗೆಯ ಪೆಚ್ಚು ನಗೆ. ಬ್ರೆಕ್ಟ್ ತನ್ನ ಟಿಪ್ಪಣಿಯಲ್ಲಿ ಅದನ್ನು ಹಾಸಿಗೆ ಒದ್ದೆ ಮಾಡುವ ಮಗುವಿನ ನಗೆಗೆ ಹೋಲಿಸಿದ್ದಾನೆ. ಮುಂದೆ ಬೆಳೆದು ದೊಡ್ಡವನಾದ ಆಂಡ್ರಿಯಾ, ಗ್ರಂಥದ ಹಸ್ತಪ್ರತಿ ಸಿಕ್ಕಿದೊಡನೆ, ಗುರುವೇ ನೀವು ಗೆದ್ದಿರಿ ಎಂಬಂತೆ ಕೊಂಡಾಡಲು ತೊಡಗುತ್ತಾನೆ. ಗೆಲಿಲಿಯೋ ಆ ಹೊಗಳಿಕೆಯನ್ನು ಒಂದೊಂದಾಗಿ ಕಿತ್ತೆಸೆದು, ತನ್ನ ತಪ್ಪನ್ನು ಲೆಕ್ಕ ಬಿಡಿಸುವಂತೆ ಬಿಡಿಸಿಡುತ್ತಾನೆ. ಊಟದ ಆಸೆ ಮಾತ್ರ ಹಾಗೇ ಇದೆ: ಯಾರೋ ಕಳಿಸಿದ ಬಾತುಕೋಳಿಯ ಮೇಲೆ ಮುದುಕನ ಮನಸ್ಸು. ಮೊದಲ ದೃಶ್ಯದ ಹಾಲಿನ ಬಾಯಾರಿಕೆ ಇಲ್ಲಿ ಹೀಗೆ ಮುದಿಯಾಗಿದೆ.

ಕೈಚಪ್ಪಾಳೆಗಾಗಿ ಪಾತ್ರವನ್ನು ಒಳ್ಳೆಯವನನ್ನಾಗಿ ಮಾಡುವ ಚಪಲ ನಮ್ಮ ಶಾಲಾ ನಾಟಕಗಳಲ್ಲಿ ಬಹಳ. ದುರ್ಯೋಧನ ಮಾಡುವ ಹುಡುಗನ ತಂದೆತಾಯಿಗಳು ಕೂಡ ಮಗನಿಗೆ ಅರ್ಜುನನ ಪಾತ್ರ ಕೊಡಬಾರದಿತ್ತೇ ಎಂದು ಪೇಚಾಡುತ್ತಾರೆ. ಆ ಪೇಚಾಟ ಹುಡುಗನಿಗೂ ತಗುಲಿದರೆ ಅವನ ದುರ್ಯೋಧನ ಅರೆಮನಸ್ಸಿನವನಾಗುತ್ತಾನೆ.

ಜುಲೈ 30ರಂದು ಲಾಸ್ ಏಂಜಲೀಸಿನ ಕೊರೊನೆಟ್ ರಂಗಮಂದಿರದಲ್ಲಿ ಮೊದಲ ಪ್ರದರ್ಶನ. ನಿರ್ದೇಶನದಲ್ಲಿ ಬ್ರೆಕ್ಟ್ ಜೊತೆಗೆ ಜೋಸೆಫ್ ಲೋಸಿ ಇದ್ದ. ಆ ದಿನಗಳಲ್ಲಿ ಊರಿನಲ್ಲಿ ಬಿಸಿಲ ಬೇಗೆ. ಸಾಮಾನ್ಯವಾಗಿ ಇಂಥ ಹೊತ್ತಿನಲ್ಲಿ ನಟನಿಗೆ ಬಣ್ಣ ಕರಗೀತೆಂಬ ಚಿಂತೆ. ಲಾಟನ್ ಮಾತ್ರ ಮಂಜುಗಡ್ಡೆ ತುಂಬಿದ ಲಾರಿಗಳನ್ನು ತರಿಸಿ ರಂಗಮಂದಿರದ ಗೋಡೆಗೆ ತಾಗಿಸಿ ನಿಲ್ಲಿಸಬೇಕು, ಫ್ಯಾನುಗಳನ್ನು ತಿರುಗಿಸಬೇಕು ಎಂದು ಹಟ ಹಿಡಿದ. ಸೆಖೆಯಲ್ಲಿ ಕೂತ ಪ್ರೇಕ್ಷಕರಿಗೆ ಯೋಚನೆ ಮಾಡಲಾಗುವುದಿಲ್ಲ ಎಂಬುದು ಆತನ ಆತಂಕವಾಗಿತ್ತು.