ಮನೆಯಲ್ಲೇ ಕೂತು ವಕೀಲರಾಗಬಹುದೇ?

"ಸರ್, ಎಲ್‌ಎಲ್‌ಬಿಯನ್ನು ಆನ್‌ಲೈನ್‌ನಲ್ಲಿ ಮಾಡಬಹುದಾ?" ರಾಜ್ಯಶಾಸ್ತ್ರ ಪಾಠ ಮಾಡುವ ನನಗೆ ಪ್ರತಿವರ್ಷ ಎದುರಾಗುವ ಪ್ರಶ್ನೆಯಿದು. ಕೇಳುವವರು ಹೆಚ್ಚಾಗಿ ಹೆಣ್ಣುಮಕ್ಕಳು. ದೂರದ ಊರಿಗೆ ಕಳಿಸಲು ಮನೆಯಲ್ಲಿ ಹಿಂಜರಿಕೆ. ಮೊಬೈಲ್ ತೆರೆದರೆ 'ಮನೆಯಿಂದಲೇ ಕಾನೂನು ಕಲಿಯಿರಿ' ಎಂಬ ಜಾಹೀರಾತು.

ನಮ್ಮ ದೇಶದಲ್ಲಿ ಆನ್‌ಲೈನ್ ಅಥವಾ ದೂರಶಿಕ್ಷಣದ ಎಲ್‌ಎಲ್‌ಬಿಯಿಂದ ವಕೀಲರಾಗಲು ಸಾಧ್ಯವಿಲ್ಲ. 1961ರ ವಕೀಲರ ಕಾಯ್ದೆಯಂತೆ, ಭಾರತೀಯ ವಕೀಲರ ಪರಿಷತ್ತು ಮಾನ್ಯ ಮಾಡಿದ ಪದವಿ ಇರಬೇಕು. ಪರಿಷತ್ತಿನ 2008ರ ನಿಯಮಗಳು ತರಗತಿಯಲ್ಲಿ ಕೂತು ಕಲಿತ ಪದವಿಯನ್ನೇ ಕೇಳುತ್ತವೆ. ಪ್ರತಿ ವಿಷಯದಲ್ಲೂ ಶೇ. 70 ಹಾಜರಾತಿ ಬೇಕೆನ್ನುತ್ತವೆ. ಅಣಕು ನ್ಯಾಯಾಲಯ, ಕೋರ್ಟ್ ಕಲಾಪ ವೀಕ್ಷಣೆ, ಇಂಟರ್ನ್‌ಶಿಪ್ ಇವೆಲ್ಲ ಪಠ್ಯದ ಭಾಗವೇ. ಆನ್‌ಲೈನ್ ಡಿಪ್ಲೊಮಾಗಳಿಂದ ಕಾನೂನಿನ ತಿಳಿವಳಿಕೆ ಬರುತ್ತದೆ, ಆದರೆ ಕಪ್ಪು ಕೋಟು ಸಿಗುವುದಿಲ್ಲ.

ಹಾಗಾದರೆ ದಾರಿ ಯಾವುದು? ಎರಡಿವೆ. ಪಿಯುಸಿಯಲ್ಲಿ ಕನಿಷ್ಠ ಶೇ. 45 ಅಂಕ (ಹಿಂದುಳಿದ ವರ್ಗಕ್ಕೆ 42, ಪರಿಶಿಷ್ಟರಿಗೆ 40) ಪಡೆದವರು ಐದು ವರ್ಷದ ಕೋರ್ಸಿಗೆ ಸೇರಬಹುದು. ಇಲ್ಲವೇ ಯಾವುದಾದರೂ ಪದವಿ ಮುಗಿಸಿ ಮೂರು ವರ್ಷದ ಎಲ್‌ಎಲ್‌ಬಿ ಮಾಡಬಹುದು. ಮನೆಯ ತೊಂದರೆ ಇರುವವರು ಒಂದು ಮಾತನ್ನು ಗಮನಿಸಿ: ಪಿಯುಸಿ ಪಾಸಾದ ಮೇಲೆ ಆ ಮೊದಲ ಪದವಿಯನ್ನು, ಅಂದರೆ ಬಿಎ ಅಥವಾ ಬಿಕಾಂ ಅನ್ನು, ಮಾನ್ಯತೆ ಪಡೆದ ವಿಶ್ವವಿದ್ಯಾಲಯದಿಂದ ದೂರಶಿಕ್ಷಣದಲ್ಲಿ ಪಡೆದರೂ ನಡೆಯುತ್ತದೆ. ಕಾನೂನಿನ ಮೂರು ವರ್ಷ ಮಾತ್ರ ಕಾಲೇಜಿಗೆ ಹೋಗಲೇಬೇಕು. ಹುಬ್ಬಳ್ಳಿಯ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯಕ್ಕೆ ಸೇರಿದ ಕಾಲೇಜುಗಳು ಅನೇಕ ಜಿಲ್ಲೆಗಳಲ್ಲಿವೆ. ಹಾಗಾಗಿ ಕಾನೂನು ಓದಲು ಎಲ್ಲರೂ ಬೆಂಗಳೂರಿಗೇ ಹೋಗಬೇಕೆಂದಿಲ್ಲ.

ಪದವಿ ಕೈಗೆ ಬಂದ ಮೇಲೆ ರಾಜ್ಯ ವಕೀಲರ ಪರಿಷತ್ತಿನಲ್ಲಿ ಹೆಸರು ನೋಂದಾಯಿಸಬೇಕು. ಕಾಯ್ದೆ ಹೇಳಿದ 750 ರೂಪಾಯಿಗಿಂತ (ಪರಿಶಿಷ್ಟರಿಗೆ 125) ಹೆಚ್ಚು ನೋಂದಣಿ ಶುಲ್ಕ ಕೇಳುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2024ರ ಜುಲೈನಲ್ಲಿ ತೀರ್ಪು ನೀಡಿದೆ. ವಕೀಲಿಕೆ ಮುಂದುವರಿಸಲು ಅಖಿಲ ಭಾರತ ವಕೀಲರ ಪರೀಕ್ಷೆಯಲ್ಲೂ ಪಾಸಾಗಬೇಕು. ಅದನ್ನು ಕನ್ನಡದಲ್ಲೂ ಬರೆಯಬಹುದು.

ಎಲ್ಲಿಯೇ ಆಗಲಿ, ಫೀಸು ಕಟ್ಟುವ ಮುನ್ನ ಆ ಕಾಲೇಜಿನ ಹೆಸರು ಭಾರತೀಯ ವಕೀಲರ ಪರಿಷತ್ತಿನ ಪಟ್ಟಿಯಲ್ಲಿದೆಯೇ ನೋಡಿ. ಕಟ್ಟಿದ ಹಣವನ್ನು ಮತ್ತೆ ದುಡಿಯಬಹುದು, ಕಳೆದ ಮೂರು ವರ್ಷ ಮರಳಿ ಬಾರದು. ಸಂಶಯವಿದ್ದರೆ ಸ್ಟಾಫ್ ರೂಮಿಗೆ ಬನ್ನಿ. ಅಬ್ಬಾ, ಅಮ್ಮಿಯನ್ನೂ ಕರೆದುಕೊಂಡು ಬನ್ನಿ, ಕೂತು ಮಾತಾಡೋಣ.